ಬ್ಯಾಟರಿ ಪ್ರೀಆಂಪ್‌ಗೆ ಕಾಯ್ತಾ ಇದೀನಿ, ಹೆಸರು ಬರೆಸೋ ಮುಂಚೆ ಏನೇನು ಕೇಳಬೇಕು?

ಹಳೇ ಪ್ಲೇಟು:

ನಮಸ್ಕಾರ. ಹೊಸದೊಂದು ಬ್ಯಾಟರಿ ಪ್ರೀಆಂಪ್ (ಸ್ಪೀಕರ್ ನಡೆಸೋ ಪವರ್ ಆಂಪಿಗೆ ಮುಂಚೆ ಬರೋ ಆಂಪ್, ಗೋಡೆಯ ಕರೆಂಟಿನ ಬದಲು ಬ್ಯಾಟರಿಯಿಂದ ನಡೆಯೋದು) ಬರ್ತಾ ಇದೆ ಅಂತ ತಿಳಿದಾಗಿಂದ ಅದರ ಒಳಗಿನ ಫೋಟೋ ದಿನಕ್ಕೊಂದು ಸಲವಾದರೂ ನೋಡ್ತೀನಿ. ಎಡಕ್ಕೆ ಐದು ಸೆಲ್, ಬಲಕ್ಕೆ ಐದು ಸೆಲ್, ಎಲ್ಲವೂ ಲಿಥಿಯಂ ಐರನ್ ಫಾಸ್ಫೇಟ್. ಸೆಲ್ಲಿಗೆ 3.2 ವೋಲ್ಟ್ ಲೆಕ್ಕದಲ್ಲಿ ಪ್ಲಸ್ 16, ಮೈನಸ್ 16. ರೆಕಾರ್ಡ್ ಪ್ಲೇಯರಿನ ಸಣ್ಣ ಸಿಗ್ನಲ್ ಹಿಗ್ಗಿಸೋ ಫೋನೋ ಸ್ಟೇಜ್ ಕೂಡ ಅದರೊಳಗೇ ಇದೆ.

ನನಗೆ ಇಷ್ಟು ಆಸೆ ಯಾಕೆ ಅಂದರೆ, ನನ್ನ ರೆಕಾರ್ಡ್ ಪ್ಲೇಯರಿನ ಮುಳ್ಳು ಕೂತಿರೋದು ಮೂವಿಂಗ್ ಕಾಯಿಲ್ ಜಾತಿಯ ಕಾರ್ಟ್ರಿಜ್‌ನಲ್ಲಿ. ಅದು ಕೊಡೋದೇ 0.4 ಮಿಲಿವೋಲ್ಟ್. ಸಾವಿರ ಪಟ್ಟು ಹಿಗ್ಗಿಸಬೇಕು, ಜೊತೆಗೆ ನುಸುಳಿದ ಗುಂಯ್ ಸದ್ದೂ ಅಷ್ಟೇ ಹಿಗ್ಗುತ್ತೆ. ನನ್ನ ಹತ್ತಿರ ಇರೋ ಒಂದು ಪಿಟೀಲು ರೆಕಾರ್ಡಿನಲ್ಲಿ, ಕೊನೆಗೆ, ಕಮಾನು ತಂತಿ ಬಿಡೋ ಮುಂಚೆ ಸ್ವರ ಕೂದಲೆಳೆಯಷ್ಟಾಗುತ್ತೆ. ಸರಿಯಾಗಿ ಅಲ್ಲೇ ಗುಂಯ್ ಮೇಲೆ ಬರುತ್ತೆ. ಆ ಎರಡು ಸೆಕೆಂಡು ನನಗೆ ಪೂರ್ತಿ ಕೇಳಬೇಕು.

ಹಿಂದೆ ಲೆಡ್-ಆಸಿಡ್ ಬ್ಯಾಟರಿಯ ಪ್ರೀಆಂಪ್ ಒಂದಿತ್ತು. ಮೊದಲ ರಾತ್ರಿ ಕರೆಂಟಿನ ಪ್ಲಗ್ ಕಿತ್ತು, ಸ್ಪೀಕರಿನ ಟ್ವೀಟರ್‌ಗೆ ಕಿವಿ ಹಚ್ಚಿದೆ. ಏನೂ ಇಲ್ಲ. ಸ್ಪೀಕರ್ ವೈರ್ ಬಿಟ್ಟುಹೋಗಿದೆಯೇನೋ ಅಂತ ಹಿಂದೆ ಹೋಗಿ ಮುಟ್ಟಿ ನೋಡಿದೆ! ಆದರೆ ನಾಲ್ಕನೇ ವರ್ಷಕ್ಕೆ ಬ್ಯಾಟರಿ ಊದಿಕೊಂಡಿತು. ತಯಾರಕರು ಅದನ್ನು ಬೋರ್ಡಿಗೇ ಅಂಟಿಸಿಬಿಟ್ಟಿದ್ದರು. ಬದಲಿ ಕೇಳಿ ಬರೆದ ಪತ್ರಗಳಿಗೆ ಉತ್ತರವೇ ಬರಲಿಲ್ಲ. ಬಿಡಿಸೋಕೆ ಹೋದರೆ ತಾಮ್ರದ ಗೆರೆಯೇ ಕಿತ್ತುಕೊಂಡು ಬಂತು. ಆ ಸಂಕಟ ಇನ್ನೊಂದು ಸಲ ಬೇಡ.

ಬಲ್ಲವರು ಹೇಳಿ, ಈ ಜಾತಿಯ ಸೆಲ್ ನಿಜವಾಗಿ ಬಾಳುತ್ತಾ? ತಯಾರಕರಿಗೆ ಏನೇನು ಕೇಳಲಿ?

ಬೆಸುಗೆ:

ಸರ್, ಸೆಲ್ ವಿಷಯ ಆಮೇಲೆ. ನಿಮ್ಮ ಗುಂಯ್ ಎಲ್ಲಿಂದ ಬರ್ತಿದೆ ಅನ್ನೋದು ಮೊದಲು ತಿಳಿಯಬೇಕು. ಟರ್ನ್‌ಟೇಬಲ್ಲಿನ ಅರ್ತ್ ವೈರ್ ಸಡಿಲ ಇದ್ದರೆ, ಪವರ್ ಆಂಪಿನ ಟ್ರಾನ್ಸ್‌ಫಾರ್ಮರ್ ಪಕ್ಕದಲ್ಲೇ ಫೋನೋ ವೈರ್ ಹಾದಿದ್ದರೆ, ಎಂಥ ಬ್ಯಾಟರಿ ತಂದರೂ ಅದು ಹೋಗಲ್ಲ. ಸದ್ದು ಮೆತ್ತಗೆ, ತಗ್ಗಿನಲ್ಲಿ, ಗೋಡೆಯ ಕರೆಂಟಿನದೇ 50 ಹರ್ಟ್ಜ್‌ನಲ್ಲಿದ್ದರೆ ಬಹುಮಟ್ಟಿಗೆ ಸಡಿಲ ಅರ್ತಿನದ್ದು, ಇಲ್ಲವೇ ಅಕ್ಕಪಕ್ಕದ ಅಯಸ್ಕಾಂತ ಕ್ಷೇತ್ರದ್ದು. ಮುಳ್ಳುಮುಳ್ಳಾದ ಜುಂಯ್ ಆದರೆ ಗೋಡೆಯ ಕರೆಂಟನ್ನು ಒಂದೇ ದಿಕ್ಕಿಗೆ ತಿರುಗಿಸೋ ರೆಕ್ಟಿಫೈಯರ್ ದಾಟಿ ಬಂದ 100 ಹರ್ಟ್ಜ್ ಮತ್ತು ಅದರ ಗುಣಕಗಳು ಅಂತ ಅನುಮಾನಿಸಬಹುದು. ಬ್ಯಾಟರಿ ಅಳಿಸೋದು ಈ ಎರಡನೆಯದನ್ನು.

ಇನ್ನು ಹಳೇ ಬ್ಯಾಟರಿ ಸತ್ತದ್ದು. ಲೆಡ್-ಆಸಿಡ್ ಖಾಲಿಯಾಗಿ ಕೂತರೆ ತಟ್ಟೆಗಳ ಮೇಲೆ ಸಲ್ಫೇಟ್ ಗಟ್ಟಿಯಾಗುತ್ತೆ, ಸದಾ ಚಾರ್ಜ್ ಮೇಲೇ ಬಿಟ್ಟು ಬಿಸಿಯಾದರೆ ಊದುತ್ತೆ. ಆಳವಾಗಿ ಖಾಲಿ ಮಾಡ್ತಾ ಇದ್ದರೆ ಕೆಲವು ನೂರು ಸುತ್ತು (ಒಂದು ಸಲ ಚಾರ್ಜ್ ಆಗಿ ಖಾಲಿಯಾಗೋದು ಒಂದು ಸುತ್ತು) ಅಷ್ಟೇ. ಐರನ್ ಫಾಸ್ಫೇಟ್ ಸರಿಯಾಗಿ ನೋಡಿಕೊಂಡರೆ 2000 ಸುತ್ತು ದಾಟುತ್ತೆ. ಅದರ ವೋಲ್ಟೇಜು ಕೊನೆಯವರೆಗೂ ಹೆಚ್ಚುಕಡಿಮೆ ಒಂದೇ ಮಟ್ಟದಲ್ಲಿದ್ದು ಆಮೇಲೆ ತಟ್ಟನೆ ಇಳಿಯುತ್ತೆ. ಸೆಲ್ 2.5 ವೋಲ್ಟಿಗಿಂತ ಕೆಳಗೆ ಹೋಗದಂತೆ ಕಾಯೋ ಸರ್ಕ್ಯೂಟ್ ಇರಲೇಬೇಕು.

ಒಂದು ಮಾತು. ಬ್ಯಾಟರಿಯೊಂದೇ ದಾರಿ ಅಲ್ಲ. ವೋಲ್ಟೇಜು ಒಂದೇ ಮಟ್ಟದಲ್ಲಿಡೋ ಎಲ್‌ಟಿ3045 ಅನ್ನೋ ರೆಗ್ಯುಲೇಟರ್ ಚಿಪ್ಪಿನ ಸದ್ದು 0.8 ಮೈಕ್ರೋವೋಲ್ಟ್ ಮಾತ್ರ. ಆದರೆ ಗೋಡೆಯ ಕರೆಂಟಿನಿಂದ ಪೂರ್ತಿ ಬಿಡಿಸಿಕೊಳ್ಳೋದು ಬ್ಯಾಟರಿಯಿಂದಲೇ ಸುಲಭ, ಅದನ್ನು ಒಪ್ತೀನಿ.

ಕತ್ತಲೆ ಕೋಣೆ:

ಪೂರ್ತಿ ಬಿಡಿಸಿಕೊಳ್ಳುತ್ತಾ ಅನ್ನೋದನ್ನೇ ಕೇಳಬೇಕು. ನಾನೇ ಕಟ್ಟಿದ ಒಂದರಲ್ಲಿ ಕೇಳುವಾಗ ಚಾರ್ಜರಿನ ಪ್ಲಸ್ ವೈರ್ ಮಾತ್ರ ರಿಲೇ (ತಾನಾಗೇ ಬೀಳೋ ಸ್ವಿಚ್) ಕಡಿಯುತ್ತಿತ್ತು. ಮೈನಸ್ ಹಾಗೇ ಇತ್ತು. ಸ್ವಿಚಿಂಗ್ ಚಾರ್ಜರುಗಳಲ್ಲಿ ಕರೆಂಟಿನ ಕಡೆಗೂ ಔಟ್‌ಪುಟ್ ಕಡೆಗೂ ನಡುವೆ ಚಿಕ್ಕ ಕೆಪಾಸಿಟರ್ ಇರುತ್ತೆ. ಅದರ ಮೂಲಕ ಗಲಾಟೆಯೆಲ್ಲ ಆ ಮೈನಸ್ ಹಿಡಿದು ಗ್ರೌಂಡಿಗೆ ಬರ್ತಿತ್ತು. ಎರಡು ವೈರ್ ಕಡಿಯೋ ರಿಲೇ ಹಾಕಿದೆ, ನಿಂತಿತು.

ಜೊತೆಗೆ ಇದನ್ನೂ ಕೇಳಿ: ಪ್ಲಸ್ ಕಡೆಯ ಪ್ಯಾಕ್ ಮೊದಲು ಮುಗಿದರೆ ಏನಾಗುತ್ತೆ? ಒಂದು ಕಡೆ ಮಾತ್ರ ಬಿದ್ದರೆ ಔಟ್‌ಪುಟ್ಟಿನಲ್ಲಿ ಡಿಸಿ (ಏರಿಳಿಯದ ವೋಲ್ಟೇಜು) ನಿಲ್ಲಬಹುದು, ಪವರ್ ಆಂಪ್ ಅದನ್ನು ತಡೆಯದಿದ್ದರೆ ಪೆಟ್ಟು ಬೀಳೋದು ಸ್ಪೀಕರಿಗೆ. ಮೊದಲು ಸದ್ದು ಅಡಗಿಸೋ ಮ್ಯೂಟ್ ರಿಲೇ ಬೀಳಬೇಕು, ಆಮೇಲೆ ಎರಡೂ ಪ್ಯಾಕ್ ಒಟ್ಟಿಗೆ ಕಡಿಯಬೇಕು.

ಈ ದಾರಿ ಹೊಸದಲ್ಲ. ಡಾರ್ಟ್‌ಝೀಲ್ ಕಂಪನಿಯ ಎನ್‌ಎಚ್‌ಬಿ-18ಎನ್‌ಎಸ್ ಬ್ಯಾಟರಿಯ ಪ್ರೀಆಂಪೇ. ವಿನ್ನಿ ರಾಸ್ಸಿ ಕಂಪನಿಯ ಲಿಯೋ ಆಂಪಿನಲ್ಲಿ ಬ್ಯಾಟರಿ ಬದಲು ಅಲ್ಟ್ರಾಕೆಪಾಸಿಟರ್ (ತುಂಬಾ ಚಾರ್ಜ್ ಹಿಡಿಯೋ ಕೆಪಾಸಿಟರ್), ಒಂದು ಸಾಲು ಹಾಡಿಸುವಾಗ ಇನ್ನೊಂದು ಸಾಲು ಚಾರ್ಜ್ ಆಗುತ್ತೆ. ನನಗೆ ಅದು ಬಹಳ ಚೆಂದದ ಯೋಚನೆ ಅನ್ನಿಸಿದೆ.

ಹಳೇ ಪ್ಲೇಟು:

ಇಬ್ಬರಿಗೂ ತುಂಬಾ ಧನ್ಯವಾದ. ನಿನ್ನೆ ರಾತ್ರಿ ಎಲ್ಲ ಪ್ಲಗ್ ಕಿತ್ತು ಒಂದೊಂದೇ ಹಾಕಿ ನೋಡಿದೆ. ಬೆಸುಗೆ ಅವರೇ, ನೀವು ಹೇಳಿದ್ದು ನಿಜ. ಅರ್ತ್ ವೈರಿನ ತುದಿ ಕಪ್ಪಾಗಿತ್ತು. ಕೆರೆದು ಬಿಗಿ ಮಾಡಿದ ಮೇಲೆ ಮೆತ್ತಗಿನ ಗುಂಯ್ ಹೋಯಿತು. ಉಳಿದಿರೋದು ಆ ಮುಳ್ಳಿನ ಜುಂಯ್, ಈಗಿನ ಪ್ರೀಆಂಪ್ ಆನ್ ಮಾಡಿದಾಗ ಮಾತ್ರ. ಅಂದರೆ ನಾನು ಕಾಯ್ತಾ ಇರೋದು ಸುಮ್ಮನೆ ಅಲ್ಲ.

ತಯಾರಕರಿಗೂ ಬರೆದೆ. ಕೇಳುವಾಗ ಚಾರ್ಜರಿನ ಎರಡೂ ವೈರ್ ರಿಲೇಯಿಂದ ಕಡಿಯುತ್ತೆ, ಪ್ಯಾಕ್ ಕನೆಕ್ಟರ್ ಮೇಲಿದೆ, ನಾಲ್ಕು ಸ್ಕ್ರೂ ಬಿಚ್ಚಿದರೆ ಹೊರಗೆ ಬರುತ್ತೆ ಅಂದರು. ಮ್ಯೂಟ್ ಮೊದಲು ಬೀಳುತ್ತಂತೆ. ಸೆಲ್ಲಿನ ಅಳತೆ ಮಾತ್ರ ಹೇಳಲಿಲ್ಲ.

ಬೆಸುಗೆ:

ಅಳತೆ ಬಿಡಬೇಡಿ. 32700 ಅಥವಾ 26650 ಅನ್ನೋ ದುಂಡನೆ ಸೆಲ್ಲಿನ ಸಿದ್ಧ ಅಳತೆ ಆಗಿದ್ದರೆ ತಯಾರಕರು ಇಲ್ಲದ ದಿನವೂ ಅದೇ ಅಳತೆಯ ಸೆಲ್ ತಂದು ಪ್ಯಾಕ್ ಕಟ್ಟಬಹುದು. ಅವರೇ ಮಾಡಿಸಿದ ಚಪ್ಪಟೆ ಚೀಲದ ಸೆಲ್ ಆದರೆ ಮತ್ತೆ ನಿಮ್ಮ ಹಳೇ ಕಥೆಯೇ. 6 ಆಂಪಿಯರ್-ಅವರ್ ಸೆಲ್ ಇದ್ದು, ಸರ್ಕ್ಯೂಟ್ 300 ಮಿಲಿಆಂಪಿಯರ್ ಎಳೆದರೆ ಲೆಕ್ಕಕ್ಕೆ 20 ಗಂಟೆ. ನಿಮಗೆ ಧಾರಾಳ.

ಹಳೇ ಪ್ಲೇಟು:

32700 ಅಂತ ಉತ್ತರ ಬಂತು, ಜೊತೆಗೆ ಪ್ಯಾಕ್ ಬಿಚ್ಚಿಟ್ಟ ಫೋಟೋ. ಹೆಸರು ಬರೆಸಿದೆ. ಪವರ್ ಆಂಪಿನಿಂದ ದೂರ ಇರಲಿ ಅಂತ ಎಲ್ಲಕ್ಕಿಂತ ಮೇಲಿನ ಹಲಗೆ ಖಾಲಿ ಮಾಡಿದೀನಿ. ಪಿಟೀಲಿನ ರೆಕಾರ್ಡ್ ತೊಳೆದು ಹೊಸ ಕವರಿಗೆ ಹಾಕಿಟ್ಟಿದೀನಿ.