ಫ್ರೀಬಿಎಸ್‌ಡಿ ಮೇಲೆ ಲಿನಕ್ಸ್ ಪ್ರೋಗ್ರಾಂ ಓಡಿಸಲು ವರ್ಚುವಲ್ ಮಷೀನ್ ಬೇಕೇ ಬೇಕಾ?

ಪ್ರಶ್ನೆ: ನಮಸ್ತೆ ಸರ್. ನಮ್ಮ ಆಫೀಸಿನ ಸರ್ವರ್‌ನಲ್ಲಿ ಫ್ರೀಬಿಎಸ್‌ಡಿ 14 ಆಪರೇಟಿಂಗ್ ಸಿಸ್ಟಂ ಇದೆ. ಲೈಸೆನ್ಸ್ ನೋಡಿಕೊಳ್ಳುವ ಒಂದು ಪ್ರೋಗ್ರಾಂ ತಗೊಂಡೆವು, ಅದನ್ನು ಮಾಡಿದವರು ಲಿನಕ್ಸ್ ಬೈನರಿ (ನೇರವಾಗಿ ಓಡಿಸುವ ಫೈಲ್) ಮಾತ್ರ ಕೊಟ್ಟಿದ್ದಾರೆ, ಸೋರ್ಸ್ ಕೊಡುವುದಿಲ್ಲವಂತೆ. ಕರ್ನೆಲ್‌ಗೆ (ಸಿಸ್ಟಂನ ತಿರುಳಿಗೆ) ಲಿನಕ್ಸ್64 ಮಾಡ್ಯೂಲ್ ಹಾಕಿದೆ. ಆದರೂ ‘ಇಎಲ್‌ಎಫ್ ಇಂಟರ್‌ಪ್ರಿಟರ್ ನಾಟ್ ಫೌಂಡ್’ ಅಂತ ಬಂದು ನಿಂತುಬಿಡುತ್ತದೆ. ಎರಡೂ ಯುನಿಕ್ಸ್ ಜಾತಿಯವೇ ಅಲ್ವಾ, ಸುಮ್ನೆ ಓಡಬೇಕಲ್ಲ?

ಉತ್ತರ: ವರ್ಚುವಲ್ ಮಷೀನ್ (ಯಂತ್ರದೊಳಗೆ ಸಾಫ್ಟ್‌ವೇರ್‌ನಿಂದ ಮಾಡಿದ ಇನ್ನೊಂದು ಯಂತ್ರ) ಬೇಡ ಮೇಡಂ. ಅರ್ಧ ಕೆಲಸ ಆಗಲೇ ಮಾಡಿದ್ದೀರಿ.

ಸುಮ್ನೆ ಯಾಕೆ ಓಡುವುದಿಲ್ಲ ಅಂದರೆ, ಕರ್ನೆಲ್ ಕೈಯಲ್ಲಿ ಏನೇ ಮಾಡಿಸಬೇಕಾದರೂ ಪ್ರೋಗ್ರಾಂ ಒಂದು ನಂಬರ್ ಹೇಳುತ್ತದೆ. 64 ಬಿಟ್ ಇಂಟೆಲ್, ಎಎಂಡಿ ಯಂತ್ರಗಳಲ್ಲಿ ಲಿನಕ್ಸ್‌ಗೆ 1 ಅಂದರೆ ‘ರೈಟ್’. ಫ್ರೀಬಿಎಸ್‌ಡಿಗೆ 1 ಅಂದರೆ ‘ಎಕ್ಸಿಟ್’, ಅದರ ರೈಟ್ ನಂಬರ್ 4. ಅಂದರೆ ಪರದೆ ಮೇಲೆ ಒಂದು ಸಾಲು ಬರೆಯಲು ಹೊರಟ ಲಿನಕ್ಸ್ ಪ್ರೋಗ್ರಾಂ, ಇಲ್ಲಿ ಬಾಯಿ ತೆರೆಯುವಷ್ಟರಲ್ಲೇ ಮುಗಿದುಹೋಗುತ್ತದೆ. ದೋಷದ ನಂಬರ್‌ಗಳೂ ಹಾಗೇ. ‘ಈಗ ಆಗಲ್ಲ, ಆಮೇಲೆ ಬಾ’ ಅನ್ನುವುದಕ್ಕೆ ಲಿನಕ್ಸ್‌ನಲ್ಲಿ 11, ಇಲ್ಲಿ 35.

ನೀವು ಹಾಕಿದ ಮಾಡ್ಯೂಲ್ ಈ ನಂಬರ್‌ಗಳ ಲಿನಕ್ಸ್ ಪಟ್ಟಿಯನ್ನು ಕರ್ನೆಲ್‌ಗೆ ಕೊಡುತ್ತದೆ. ಪ್ರೋಗ್ರಾಂ ಶುರುವಾಗುವಾಗಲೇ ಅದು ಯಾರ ಕಡೆಯದು ಅಂತ ಕರ್ನೆಲ್ ನೋಡಿ, ಆ ಪ್ರಾಸೆಸ್‌ಗೆ ಮಾತ್ರ ಲಿನಕ್ಸ್ ಪಟ್ಟಿ ಹಿಡಿಯುತ್ತದೆ. ಉಳಿದ ಸೂಚನೆಗಳನ್ನೆಲ್ಲ ಸಿಪಿಯು ನೇರವಾಗಿ ಓಡಿಸುತ್ತದೆ. ಇದನ್ನು ಎಮ್ಯುಲೇಟರ್ (ಒಂದೊಂದು ಸೂಚನೆಯನ್ನೂ ಅನುಕರಿಸಿ ಓಡಿಸುವ ಸಾಫ್ಟ್‌ವೇರ್) ಅಂತ ತಿಳಿದು ‘ನಿಧಾನ ಆಗುತ್ತದೆ’ ಎಂದು ಹೆದರುವವರೇ ಜಾಸ್ತಿ, ಅದು ತಪ್ಪು.

ನಿಮ್ಮಲ್ಲಿ ಇಲ್ಲದಿರುವುದು ಲಿನಕ್ಸ್‌ನ ಲೋಡರ್ (ಪ್ರೋಗ್ರಾಂಗೆ ಬೇಕಾದ ಲೈಬ್ರರಿಗಳನ್ನು ಜೋಡಿಸಿ ಶುರು ಮಾಡುವುದು, ದೋಷದಲ್ಲಿ ‘ಇಂಟರ್‌ಪ್ರಿಟರ್’ ಅಂದಿರುವುದು ಇದನ್ನೇ) ಮತ್ತು ಲೈಬ್ರರಿಗಳು. ಕರ್ನೆಲ್ ಅವನ್ನು ಮೊದಲು /ಕಂಪ್ಯಾಟ್/ಲಿನಕ್ಸ್ ಒಳಗೆ ಹುಡುಕುತ್ತದೆ, ಅದು ಖಾಲಿ ಇದೆ. ರಾಕಿ ಲಿನಕ್ಸ್ 9ರ ಬೇಸ್ ಪ್ಯಾಕೇಜ್ ಹಾಕಿ. ಆರ್‌ಸಿ ಕಾನ್ಫ್ ಅನ್ನುವ ಸೆಟ್ಟಿಂಗ್ಸ್ ಫೈಲ್‌ನಲ್ಲಿ ಲಿನಕ್ಸ್ ಎನೇಬಲ್ ಸಾಲಿಗೆ ‘ಯೆಸ್’ ಕೊಟ್ಟು ಲಿನಕ್ಸ್ ಸರ್ವಿಸ್ ಶುರು ಮಾಡಿ. ಲಿನಕ್ಸ್ ಶೈಲಿಯ ಪ್ರಾಕ್, ಸಿಸ್ ಫೈಲ್‌ಸಿಸ್ಟಂಗಳನ್ನು ಆ ಸರ್ವಿಸ್ಸೇ ಮೌಂಟ್ ಮಾಡಿಕೊಳ್ಳುತ್ತದೆ.

ಮರುಪ್ರಶ್ನೆ: ಹಾಕಿದೆ ಸರ್, ಆ ದೋಷ ಹೋಯಿತು! ಈಗ ಒಂದು ಶೇರ್ಡ್ ಲೈಬ್ರರಿ ಸಿಗುತ್ತಿಲ್ಲ ಅನ್ನುತ್ತಿದೆ. ಅದೇ ಹೆಸರಿನದು ಸಿಸ್ಟಂನಲ್ಲಿ ಇದೆಯಲ್ಲ?

ಉತ್ತರ: ಇದು ಒಳ್ಳೆ ಸುದ್ದಿ, ಈಗ ಮಾತಾಡುತ್ತಿರುವುದು ಲಿನಕ್ಸ್ ಲೋಡರ್. ನಿಮ್ಮಲ್ಲಿರುವುದು ಫ್ರೀಬಿಎಸ್‌ಡಿಗೆ ಕಟ್ಟಿದ ಲೈಬ್ರರಿ. ದಯವಿಟ್ಟು ಅದಕ್ಕೆ ಸಿಮ್‌ಲಿಂಕ್ (ಫೈಲ್‌ನತ್ತ ಬೊಟ್ಟು ಮಾಡುವ ಕೊಂಡಿ) ಹಾಕಲು ಹೋಗಬೇಡಿ, ಲಿನಕ್ಸ್ ಪ್ರೋಗ್ರಾಂಗೆ ಲಿನಕ್ಸ್ ಲೈಬ್ರರಿಯೇ ಆಗಬೇಕು. ರಾಕಿ ಪ್ಯಾಕೇಜ್‌ಗಳಲ್ಲಿ ಹುಡುಕಿ. ಪ್ರೋಗ್ರಾಂ ಉಬುಂಟುಗೆ ಅಂತಲೇ ಕಟ್ಟಿದ್ದಾದರೆ, ಡೆಬ್‌ಬೂಟ್‌ಸ್ಟ್ರಾಪ್ (ಉಬುಂಟುವಿನ ಮೂಲ ಫೈಲ್‌ಗಳನ್ನು ತಂದು ಹಾಕುವ ಸಾಧನ) ನಿಂದ /ಕಂಪ್ಯಾಟ್/ಉಬುಂಟು ಮಾಡಿಕೊಂಡು ಅದರೊಳಗೆ ಕ್ರೂಟ್ ಮಾಡಿ (ಅದನ್ನೇ ಪ್ರೋಗ್ರಾಂನ ಮೂಲ ಫೋಲ್ಡರ್ ಆಗಿಸಿ) ಓಡಿಸುವುದು ಸುಲಭ.

ಇನ್ನೊಬ್ಬ ಸದಸ್ಯರು: ಹಾಗಾದರೆ ಡಾಕರ್ (ಪ್ರೋಗ್ರಾಂಗಳನ್ನು ಕಂಟೇನರ್‌ಗಳಲ್ಲಿ ಓಡಿಸುವ ಸಾಧನ) ಕೂಡ ಹೀಗೇ ಓಡುತ್ತಾ?

ಉತ್ತರ: ಇಲ್ಲ. ಡಾಕರ್‌ಗೆ ಲಿನಕ್ಸ್ ಕರ್ನೆಲ್‌ನ ನೇಮ್‌ಸ್ಪೇಸ್ (ಪ್ರೋಗ್ರಾಂಗಳನ್ನು ಬೇರೆ ಬೇರೆ ಇಡುವುದು), ಸಿಗ್ರೂಪ್ (ಅವು ಬಳಸುವ ಸಿಪಿಯು, ಮೆಮೊರಿಗೆ ಮಿತಿ ಹಾಕುವುದು) ಬೇಕು, ಮಾಡ್ಯೂಲ್ ಕೊಡುವ ಈ ಪದರದಲ್ಲಿ ಅವಿಲ್ಲ. ಅದಕ್ಕೆ ಫ್ರೀಬಿಎಸ್‌ಡಿಯದೇ ವರ್ಚುವಲ್ ಮಷೀನ್ ಸಾಧನವಾದ ಬಿಹೈವ್‌ನಲ್ಲಿ ಒಂದು ಲಿನಕ್ಸ್ ವರ್ಚುವಲ್ ಮಷೀನ್ ಹಾಕಿಕೊಳ್ಳಿ.

ಮೇಡಂ, ನಿಮ್ಮ ಪ್ರೋಗ್ರಾಂ ಓಡಿದ ಮೇಲೂ ಡಿಮೆಸೇಜ್ (ಕರ್ನೆಲ್‌ನ ಸಂದೇಶಗಳನ್ನು ತೋರಿಸುವ ಕಮಾಂಡ್) ಒಮ್ಮೆ ನೋಡಿ. ‘ನಾಟ್ ಇಂಪ್ಲಿಮೆಂಟೆಡ್’ ಅನ್ನುವ ಸಾಲು ಕಂಡರೆ ಆ ಸಾಲನ್ನು ಇಲ್ಲೇ ಹಾಕಿ, ನೋಡೋಣ.