ಪ್ರಶ್ನೋತ್ತರ: ಮನೆಮಂದಿ ಸೇರಿ ಸರಿ ಮಾಡಲು ಯಾವ ಹಳೆ ಕಾರು ಆರಿಸಬೇಕು?

ಪ್ರಶ್ನೆ (ಶಿಕ್ಷಕಿ, ಕಲಬುರಗಿ):

ನಮಸ್ಕಾರ ಸರ್. ನಮ್ಮ ಮನೆಯಲ್ಲಿ ಐದು ಜನ. ನಾನು, ಯಜಮಾನರು, ಪಿಯುಸಿ ಓದುವ ಮಗಳು, ಎಂಟನೇ ಕ್ಲಾಸಿನ ಮಗ, ಮತ್ತೆ 74 ವರ್ಷದ ಮಾವನವರು. ಮಾವ ಸರ್ಕಾರಿ ಇಲಾಖೆಯಲ್ಲಿ ಡ್ರೈವರ್ ಆಗಿದ್ದವರು. ಇಪ್ಪತ್ತು ವರ್ಷ ಅಂಬಾಸಿಡರ್ ಓಡಿಸಿದ್ದಾರೆ. ಅತ್ತೆ ತೀರಿಕೊಂಡ ಮೇಲೆ ಮಾತು ಕಡಿಮೆ ಮಾಡಿದ್ದಾರೆ. ಒಂದು ಹಳೆ ಕಾರು ತಂದು ಎಲ್ಲರೂ ಸೇರಿ ಸರಿ ಮಾಡೋಣ ಅಂತ ಮಗಳು ಹೇಳಿದಳು. ಆ ದಿನ ಮಾವ ತಾವಾಗೇ ಒಂದು ತಾಸು ಮಾತಾಡಿದರು. ಹಾಗಾಗಿ ಇದನ್ನು ಮಾಡಿಯೇ ತೀರಬೇಕು ಅಂತ ನಿಶ್ಚಯಿಸಿದ್ದೇವೆ.

ಮೂರು ಕಾರು ನೋಡಿದ್ದೇವೆ. ಹೈದರಾಬಾದ್‌ನಲ್ಲಿ 1989ರ ಡೀಸೆಲ್ ಅಂಬಾಸಿಡರ್. ಸೊಲ್ಲಾಪುರದಲ್ಲಿ 1993ರ ಪ್ರೀಮಿಯರ್ ಪದ್ಮಿನಿ, ಮೊದಲು ಮುಂಬೈಯಲ್ಲಿತ್ತಂತೆ, ಹೊಸ ಪೇಂಟ್ ಹೊಡೆಸಿದ್ದಾರೆ, ಮದುಮಗಳ ಹಾಗೆ ಮಿಂಚುತ್ತಿದೆ. ಮೂರನೆಯದು ಆಳಂದ ಹತ್ತಿರ ನಮ್ಮ ಊರ ಮನೆಯ ತಗಡಿನ ಶೆಡ್‌ನಲ್ಲಿ ಏಳೆಂಟು ವರ್ಷದಿಂದ ನಿಂತಿರುವ 1998ರ ಮಾರುತಿ 800. ಅದನ್ನು ಮಾವ 2003ರಲ್ಲಿ ಸೆಕೆಂಡ್‌ಹ್ಯಾಂಡ್ ಕೊಂಡಿದ್ದರು. ಆದರೆ ಅದನ್ನು ಹಳೆ ಕಾರು ಅನ್ನಲು ನಮಗೆ ಮನಸ್ಸೇ ಬರುತ್ತಿಲ್ಲ. ನಮ್ಮ ಹತ್ತಿರ ಇರುವುದು ಎಲ್ಲಾ ಸೇರಿ 2 ಲಕ್ಷ. ಯಾರಿಗೂ ಸ್ಪ್ಯಾನರ್ ಹಿಡಿದು ಗೊತ್ತಿಲ್ಲ, ಮಾವನನ್ನು ಬಿಟ್ಟು. ಯಾವುದು ತೆಗೆದುಕೊಳ್ಳಲಿ?

ಉತ್ತರ (ಗ್ಯಾರೇಜ್ ಮಿಸ್ತ್ರಿ, ಕಲಬುರಗಿ, 31 ವರ್ಷದ ಕೆಲಸ):

ಅಕ್ಕಾರೆ, ನಮಸ್ಕಾರ. ನಿಮ್ಮ ಪ್ರಶ್ನೆ ಎರಡು ಸಲ ಓದಿದೆ. ಸೊಲ್ಲಾಪುರದ ಗಾಡಿಗೆ ಅಡ್ವಾನ್ಸ್ ಕೊಟ್ಟಿಲ್ಲ ತಾನೆ? ಕೊಡಬೇಡಿ.

ಹಳೆ ಕಾರು ಕೊಳ್ಳುವವರು ಮೊದಲು ಬಾನೆಟ್ ಎತ್ತುತ್ತಾರೆ. ಇಂಜಿನ್ ಸ್ಟಾರ್ಟ್ ಮಾಡಿ ಕಿವಿಗೊಟ್ಟು ಕೇಳುತ್ತಾರೆ. ನಾನು ಇಂಜಿನ್ ಕೊನೆಗೆ ನೋಡುತ್ತೇನೆ. ಇಂಜಿನ್ ಎಷ್ಟೇ ಕೆಟ್ಟಿದ್ದರೂ ಲೇತ್‌ಗೆ ಕೊಟ್ಟು ಬೋರ್ ಮಾಡಿಸಿ, ಪಿಸ್ಟನ್, ರಿಂಗ್, ಬೇರಿಂಗ್ ಹಾಕಿ ಎಬ್ಬಿಸಬಹುದು. ಅದರ ಖರ್ಚಿಗೆ ಒಂದು ಲೆಕ್ಕ ಸಿಗುತ್ತದೆ. ಬಾಡಿ ತುಕ್ಕು ಹಿಡಿದಿದ್ದರೆ ಆ ಲೆಕ್ಕ ಸಿಗುವುದಿಲ್ಲ. ಪದ್ಮಿನಿ, ಅಂಬಾಸಿಡರ್, 800 ಮೂರಕ್ಕೂ ಜೀಪಿನ ಹಾಗೆ ಬೇರೆ ಚೇಸಿ, ಅಂದರೆ ಗಾಡಿ ಹೊರುವ ಕೆಳಗಿನ ಚೌಕಟ್ಟು, ಇಲ್ಲ. ಬಾಡಿಯೇ ಚೇಸಿ. ಬಾಗಿಲ ಕೆಳಗಿನ ಪಟ್ಟಿ, ಕಾಲಿಡುವ ನೆಲ, ಹಿಂದಿನ ಸ್ಪ್ರಿಂಗ್ ಕೂರುವ ಜಾಗ, ಇವು ಹೋದರೆ ಗಾಡಿಯ ಬೆನ್ನುಮೂಳೆಯೇ ಹೋದ ಹಾಗೆ.

ಮುಂಬೈಯದು ಸಮುದ್ರದ ಗಾಳಿ, ಉಪ್ಪು. ಅಲ್ಲಿ ನಾಲ್ಕು ಮಳೆಗಾಲ ಬಯಲಲ್ಲಿ ನಿಂತ ಫಿಯಾಟ್‌ನ (ಪದ್ಮಿನಿಯನ್ನು ನಾವು ಹಾಗೇ ಕರೆಯುವುದು) ನೆಲ ಬಿಸ್ಕತ್ತಿನ ಹಾಗೆ ಪುಡಿಯಾಗಿರುತ್ತದೆ. ನಾನು ಗ್ಯಾರೇಜ್ ಇಟ್ಟ ಹೊಸದರಲ್ಲಿ ಅಂಥದ್ದೇ ಒಂದು ಕೊಂಡಿದ್ದೆ. ಬಿಳಿ ಬಣ್ಣ, ಕನ್ನಡಿಯಂಥ ಹೊಳಪು. ಡ್ರೈವರ್ ಬಾಗಿಲ ಕೆಳಗೆ ಗೀರಿ ನೋಡಿದರೆ ಬೆರಳ ದಪ್ಪ ಪುಟ್ಟಿ. ಪುಟ್ಟಿ ಒಡೆದರೆ ಒಳಗೆ ಹಳೆ ಗೋಣಿಚೀಲ ತುರುಕಿದ್ದರು. ಟಿಂಕರಿಂಗ್‌ಗೆ ಮೂರು ತಿಂಗಳು ಹೋಯಿತು, ದುಡ್ಡೂ ಹೋಯಿತು. ಅದಕ್ಕೇ ಹೇಳುತ್ತೇನೆ, ಮಾರುವ ಮುಂಚೆ ಪೇಂಟ್ ಹೊಡೆಸಿದ ಹಳೆ ಗಾಡಿಗಿಂತ ಬಣ್ಣ ಹೋಗಿ, ಧೂಳು ಹಿಡಿದು ನಿಂತ ಗಾಡಿ ಎಷ್ಟೋ ಮೇಲು. ಅದರ ಮೈ ಏನಾಗಿದೆ ಅಂತ ಕಣ್ಣಿಗೆ ಕಾಣುತ್ತದೆ.

ನೀವೇ ನೋಡಬಹುದು. ಒಂದು ಸಣ್ಣ ಅಯಸ್ಕಾಂತ, ಒಂದು ಸ್ಕ್ರೂ ಡ್ರೈವರ್, ಒಂದು ಟಾರ್ಚ್ ಸಾಕು. ಅಯಸ್ಕಾಂತವನ್ನು ತೆಳ್ಳನೆ ಬಟ್ಟೆಯಲ್ಲಿ ಸುತ್ತಿ ಬಾಗಿಲ ಕೆಳಭಾಗ, ಚಕ್ರದ ಕಮಾನು, ಡಿಕ್ಕಿಯ ಅಂಚು ಸವರಿ. ತಗಡಿದ್ದರೆ ಕಚ್ಚುತ್ತದೆ, ಪುಟ್ಟಿ ಇದ್ದರೆ ಜಾರುತ್ತದೆ. ಮ್ಯಾಟ್ ಎತ್ತಿ ನೆಲಕ್ಕೆ ಸ್ಕ್ರೂ ಡ್ರೈವರ್ ಹಿಡಿಯಿಂದ ಕುಟ್ಟಿ. ಗಟ್ಟಿ ಸದ್ದು ಬರಬೇಕು. ಬ್ಯಾಟರಿ ಇಡುವ ತಟ್ಟೆಯ ಕೆಳಗೆ ಟಾರ್ಚ್ ಬಿಡಿ, ಆಸಿಡ್ ಸೋರಿ ತಿಂದಿರುತ್ತದೆ.

ಇನ್ನು ಅಂಬಾಸಿಡರ್. ಮಾವನವರ ಆಸೆ ನನಗೆ ಅರ್ಥವಾಗುತ್ತದೆ. ನಾನು ಕೆಲಸ ಕಲಿತದ್ದೇ ಆ ಗಾಡಿ ಮೇಲೆ. 1957ರಿಂದ 2014ರವರೆಗೆ ಬಂದ ಗಾಡಿ ಅದು, ಸಾಮಾನು ಹೈದರಾಬಾದ್‌ನಲ್ಲಿ ಇನ್ನೂ ಸಿಗುತ್ತದೆ. ಆದರೆ ನಿಮ್ಮ ಮನೆಯಲ್ಲಿ ಹೊಸಬರು ನಾಲ್ಕು ಜನ. ಡೀಸೆಲ್ ಇಂಜಿನ್ ಇಳಿಸಲು ಚೈನ್ ಪುಲ್ಲಿ ಬೇಕು, ತಿಳಿದ ಜನ ಬೇಕು. ಪಂಪು, ನಾಜಲ್ ಕೆಲಸ ಮನೆಯಲ್ಲಿ ಆಗುವುದಿಲ್ಲ, ಪ್ರತಿ ಸಲ ಹೊರಗೆ ಕೊಡಬೇಕು. ಮಕ್ಕಳು ನಿಂತು ನೋಡುವುದೇ ಆಗುತ್ತದೆ. ಜೊತೆಗೆ ಬೇರೆ ರಾಜ್ಯದ ಗಾಡಿ. ಅಲ್ಲಿಯ ಆರ್‌ಟಿಒದಿಂದ ಫಾರಂ 28ರಲ್ಲಿ ಎನ್‌ಒಸಿ ತರಬೇಕು. ಫಾರಂ 29, 30 ಹಾಕಿ ಹೆಸರು ಬದಲಿಸಬೇಕು. ಇಲ್ಲಿಯ ಟ್ಯಾಕ್ಸ್ ಕಟ್ಟಬೇಕು. ಆಮೇಲೆ ಕೆಎ 32 ನಂಬರ್. ಆರ್‌ಸಿಯಲ್ಲಿರುವ ಮಾಲೀಕ ಎದುರಿಗೆ ಇಲ್ಲದಿದ್ದರೆ ಆ ಗಾಡಿ ಮುಟ್ಟಬೇಡಿ. "ಕಾಗದ ಆಮೇಲೆ ಮಾಡಿಸಿ ಕೊಡ್ತೀವಿ" ಅಂದ ಗಾಡಿಗಳು ನನ್ನ ಗ್ಯಾರೇಜ್ ಹಿಂದೆ ಹುಲ್ಲು ಬೆಳೆಸಿಕೊಂಡು ನಿಂತದ್ದನ್ನು ನೋಡಿದ್ದೇನೆ.

ನನ್ನ ಮಾತು ಕೇಳುವುದಾದರೆ ಆಳಂದಕ್ಕೆ ಹೋಗಿ ಆ 800 ನೋಡಿ.

ಅದು ಹಳೆ ಕಾರು ಅಲ್ಲ ಅಂತ ಯಾಕೆ ಅನ್ನುತ್ತೀರಿ? 800 ಮೊದಲು ಬಂದದ್ದು 1983ರ ಡಿಸೆಂಬರ್‌ನಲ್ಲಿ, ನಿಂತದ್ದು 2014ರಲ್ಲಿ. ನಮ್ಮ ಕಡೆ ಎಷ್ಟೋ ಮನೆಗಳಿಗೆ ಬಂದ ಮೊದಲ ಕಾರು ಅದೇ. ನಿಮ್ಮದು 1998ರದ್ದು, ಅಂದರೆ ಕಾರ್ಬ್ಯುರೇಟರ್ ಗಾಡಿ. ಕಲಿಯಲು ಅದಕ್ಕಿಂತ ಒಳ್ಳೆಯದು ಇಲ್ಲ. ಮೂರು ಸಿಲಿಂಡರ್, 796 ಸಿಸಿ. ಇಡೀ ಗಾಡಿ ತೂಕ ಸುಮಾರು 650 ಕಿಲೋ. ಸಾಮಾನು ಯಾವ ತಾಲೂಕಿನಲ್ಲೂ ಸಿಗುತ್ತದೆ, ಅಗ್ಗ. ಕಾರ್ಬ್ಯುರೇಟರ್ ಬಿಚ್ಚಿ ಪತ್ರಿಕೆಯ ಮೇಲೆ ಹರಡಿದರೆ ನಿಮ್ಮ ಮಗನಿಗೆ ಪೆಟ್ರೋಲ್ ಗಾಳಿ ಹೇಗೆ ಬೆರೆಯುತ್ತದೆ ಅಂತ ಒಂದು ಮಧ್ಯಾಹ್ನದಲ್ಲಿ ತಿಳಿಯುತ್ತದೆ.

ನಮ್ಮ ಹವೆ ಕೂಡ ನಿಮ್ಮ ಪರ. ಬೇಸಿಗೆಯಲ್ಲಿ 42-43 ಡಿಗ್ರಿ ಬಿಸಿಲು ರಬ್ಬರನ್ನೂ ಸೀಟನ್ನೂ ಸುಡುತ್ತದೆ, ನಿಜ. ತಗಡನ್ನು ಮಾತ್ರ ಉಳಿಸುತ್ತದೆ. ಶೆಡ್‌ನಲ್ಲಿ ನಿಂತಿದ್ದರೆ ಮೈ ಚೆನ್ನಾಗಿಯೇ ಇರಬೇಕು. ಒಂದೇ ಅನುಮಾನ. ಅಡಿಯಲ್ಲಿ ಎರೆ ಮಣ್ಣು ಇದೆಯೋ, ನೆಲಕ್ಕೆ ಹಾಸುವ ಪರಸಿ ಕಲ್ಲು ಇದೆಯೋ? ಎರೆ ಮಣ್ಣು ತಿಂಗಳುಗಟ್ಟಲೆ ತೇವ ಹಿಡಿದು ಕೂರುತ್ತದೆ, ಗಾಡಿಯ ಹೊಟ್ಟೆ ಕೆಳಗಿನಿಂದ ತಿನ್ನುತ್ತದೆ. ಅದನ್ನು ನೋಡಿ ಹೇಳಿ.

ಇನ್ನೊಂದು ಮಾತು, ತಪ್ಪು ತಿಳಿಯಬೇಡಿ. ಮಾವನವರು ಇಪ್ಪತ್ತು ವರ್ಷ ಓಡಿಸಿದ ಅಂಬಾಸಿಡರ್ ಸರ್ಕಾರದ್ದು. ಈ 800 ಅವರು ಸ್ವಂತ ದುಡಿಮೆಯಲ್ಲಿ ಕೊಂಡದ್ದು. ಅವರನ್ನೇ ಒಮ್ಮೆ ಕೇಳಿ ನೋಡಿ.

ಪ್ರಶ್ನೆ (ಅದೇ ಶಿಕ್ಷಕಿ):

ಸರ್, ಇದು ನಮ್ಮ ತಲೆಗೇ ಹೊಳೆದಿರಲಿಲ್ಲ. ಮಾವನಿಗೆ ಓದಿ ಹೇಳಿದೆ. "ನಿಮ್ಮ ಅತ್ತೆಯನ್ನು ಅದರಲ್ಲೇ ಗಾಣಗಾಪುರಕ್ಕೆ ಕರೆದುಕೊಂಡು ಹೋಗುತ್ತಿದ್ದೆ" ಅಂದರು. ಈ ಭಾನುವಾರ ಹೋಗುತ್ತೇವೆ. ಆರ್‌ಸಿ ಮಾವನ ಹೆಸರಲ್ಲೇ ಇದೆ, ಆದರೆ 2018ಕ್ಕೆ ಮುಗಿದಿದೆ. ಇದಕ್ಕೆಲ್ಲ ಎಷ್ಟು ಹಿಡಿದುಕೊಳ್ಳಬೇಕು?

ಉತ್ತರ (ಮಿಸ್ತ್ರಿ):

ಹೆಸರು ಅವರದ್ದೇ ಇದೆ ಅಂದರೆ ಅರ್ಧ ಕೆಲಸ ಮುಗಿಯಿತು. 15 ವರ್ಷ ದಾಟಿದ ಖಾಸಗಿ ಕಾರಿಗೆ ಐದೈದು ವರ್ಷಕ್ಕೆ ಎಫ್‌ಸಿ (ಗಾಡಿ ಓಡಲು ಯೋಗ್ಯ ಅನ್ನುವ ಪತ್ರ) ಮಾಡಿಸಿ ನೋಂದಣಿ ಮುಂದುವರಿಸಬೇಕು. ಫಾರಂ 25. 20 ವರ್ಷ ಮೀರಿದ ಕಾರಿಗೆ 2025ರ ಆಗಸ್ಟ್‌ನಿಂದ ನೋಂದಣಿ ಮುಂದುವರಿಸುವ ಶುಲ್ಕ 10,000 ರೂ. ಆಗಿದೆ. ಹಸಿರು ತೆರಿಗೆ ಬೇರೆ. ತಡವಾದ ತಿಂಗಳಿಗೆ 500 ರೂ.ನಂತೆ ದಂಡವೂ ಸೇರುತ್ತದೆ. ಒಟ್ಟು ಎಷ್ಟು ಅಂತ ಕೆಲಸ ಶುರು ಮಾಡುವ ಮುಂಚೆಯೇ ಆರ್‌ಟಿಒದಲ್ಲಿ ಬರೆಸಿಕೊಂಡು ಬನ್ನಿ. ಗಾಡಿ ಮೈಮೇಲಿನ ಚೇಸಿ ನಂಬರ್, ಇಂಜಿನ್ ನಂಬರ್ ಎರಡೂ ಆರ್‌ಸಿಗೆ ತಾಳೆ ನೋಡಿ. ಪೇಂಟ್ ಮಾಡುವಾಗ ಚೇಸಿ ನಂಬರ್ ಮೇಲೆ ಯಾರೂ ಗ್ರೈಂಡರ್ ಹಿಡಿಯಬಾರದು, ಇದನ್ನು ಪೇಂಟರ್‌ಗೆ ನೀವೇ ನಿಂತು ಹೇಳಿ.

ದುಡ್ಡಿನ ವಿಷಯ. ನಿಮಗೆ ಕಾರಿನ ಬೆಲೆ ಉಳಿಯಿತು. 2 ಲಕ್ಷದಲ್ಲಿ 50,000 ಈಗಲೇ ಪಕ್ಕಕ್ಕೆ ಇಡಿ, ಮುಟ್ಟಬೇಡಿ. ಬಿಚ್ಚಿದ ಮೇಲೆ ಏನೋ ಒಂದು ಬಂದೇ ಬರುತ್ತದೆ. ಉಳಿದದ್ದರಲ್ಲಿ ಮೊದಲು ಬ್ರೇಕ್, ಟೈರ್, ಪೆಟ್ರೋಲ್ ಪೈಪ್. ಆಮೇಲೆ ಇಂಜಿನ್, ವೈರಿಂಗ್. ಪೇಂಟ್ ಕೊನೆಗೆ. ಜನ ಉಲ್ಟಾ ಮಾಡುತ್ತಾರೆ, ಪೇಂಟ್‌ಗೆ ಎಲ್ಲಾ ಸುರಿದು ಬ್ರೇಕ್‌ಗೆ ಬಂದಾಗ ಕೈ ಖಾಲಿ.

ಪೆಟ್ರೋಲ್ ಪೈಪ್ ಮೇಲೆ ಯಾಕೆ ಇಷ್ಟು ಒತ್ತು ಅಂದರೆ, ಈಗ ಬಂಕಿನಲ್ಲಿ ಬರುವುದು ನೂರಕ್ಕೆ 20 ಭಾಗ ಎಥೆನಾಲ್ ಸೇರಿದ ಪೆಟ್ರೋಲ್. 1998ರ ರಬ್ಬರು ಅದಕ್ಕೆ ಮಾಡಿದ್ದಲ್ಲ. ಪೈಪ್ ಮೆತ್ತಗಾಗಿ ಸೋರುತ್ತದೆ. ಬಿಸಿ ಇಂಜಿನ್ ಮೇಲೆ ಸೋರಿದರೆ ಏನಾಗುತ್ತದೆ ಅಂತ ಹೇಳಬೇಕಿಲ್ಲ. ಪೈಪ್, ಪಂಪಿನ ಡಯಾಫ್ರಾಮ್, ಕಾರ್ಬ್ಯುರೇಟರ್ ಕಿಟ್ ಎಲ್ಲಾ ಹೊಸದು ಹಾಕಿ. ಎಥೆನಾಲ್ ನೀರನ್ನೂ ಎಳೆದುಕೊಳ್ಳುತ್ತದೆ. ಗಾಡಿ ತಿಂಗಳು ಎರಡು ತಿಂಗಳು ನಿಲ್ಲುವುದಾದರೆ ಟ್ಯಾಂಕ್ ಖಾಲಿ ಮಾಡಿ ಇಡಿ.

ಪ್ರಶ್ನೆ (ಯಾದಗಿರಿಯಿಂದ ಒಬ್ಬರು):

ಅಣ್ಣಾ, ನಡುವೆ ಬಾಯಿ ಹಾಕುತ್ತಿದ್ದೇನೆ. ನಮ್ಮ ಅಪ್ಪನ 1973ರ ಫಿಯಾಟ್ ಇದೆ. ಅಪ್ಪ ಹೋದ ವರ್ಷ ತೀರಿಕೊಂಡರು. ವಿಂಟೇಜ್ ನಂಬರ್ ಮಾಡಿಸಿಕೊಂಡರೆ ಐದೈದು ವರ್ಷದ ಓಡಾಟ ತಪ್ಪುತ್ತದೆ ಅನ್ನುತ್ತಾರೆ. ಹೌದಾ?

ಉತ್ತರ (ಮಿಸ್ತ್ರಿ):

ತಮ್ಮಾ, ಮೊದಲು ಹೆಸರು. ಮಾಲೀಕರು ತೀರಿಕೊಂಡಿದ್ದರೆ ವಾರಸುದಾರರು ಫಾರಂ 31 ಹಾಕಬೇಕು. ಮರಣ ಪ್ರಮಾಣಪತ್ರ, ವಂಶಾವಳಿ, ಅಣ್ಣತಮ್ಮಂದಿರ ಒಪ್ಪಿಗೆ ಇಟ್ಟುಕೊಳ್ಳಿ. ಇದಕ್ಕೆ ಮೂರು ತಿಂಗಳ ಗಡುವು ಇದೆ, ನಿಮ್ಮದು ದಾಟಿದೆ. ಇನ್ನೂ ತಡ ಮಾಡಬೇಡಿ.

ವಿಂಟೇಜ್ ನಿಯಮ 2021ರಲ್ಲಿ ಬಂತು. ಮೊದಲ ನೋಂದಣಿಯಿಂದ 50 ವರ್ಷ ದಾಟಿರಬೇಕು, ನಿಮ್ಮದು ದಾಟಿದೆ. ನಂಬರಿನಲ್ಲಿ ವಿಎ ಅಂತ ಬರುತ್ತದೆ, 10 ವರ್ಷ ನಡೆಯುತ್ತದೆ. ಮೊದಲ ಶುಲ್ಕ 20,000, ಆಮೇಲೆ ಮುಂದುವರಿಸಲು 5,000. ಆದರೆ ಎರಡು ಷರತ್ತು ಗಮನದಲ್ಲಿ ಇರಲಿ. ಒಂದು, ಆ ಗಾಡಿಯನ್ನು ದಿನನಿತ್ಯ ಓಡಿಸುವ ಹಾಗಿಲ್ಲ. ಪ್ರದರ್ಶನ, ರ‍್ಯಾಲಿ, ಪೆಟ್ರೋಲ್ ಹಾಕಿಸಲು, ರಿಪೇರಿಗೆ, ಇಂಥದ್ದಕ್ಕೆ ಮಾತ್ರ. ಎರಡು, ಚೇಸಿ, ಬಾಡಿ, ಇಂಜಿನ್ ದೊಡ್ಡದಾಗಿ ಬದಲಾಗಿರಬಾರದು. ಡೀಸೆಲ್ ಇಂಜಿನ್ ಕೂರಿಸಿದ ಫಿಯಾಟ್‌ಗಳು ನಮ್ಮ ಕಡೆ ಬಹಳ ಇವೆ, ಅವಕ್ಕೆ ಇದು ಕಷ್ಟ. ನೀವು ವಾರಕ್ಕೊಮ್ಮೆ ಶಹಾಪುರ, ಸುರಪುರ ಅಂತ ಓಡಾಡುವವರಾದರೆ ಎಫ್‌ಸಿಯೇ ಸರಿ.

ನಿಮ್ಮ 1089 ಸಿಸಿ ಇಂಜಿನ್ ಸೀಸದ ಪೆಟ್ರೋಲ್ ಕಾಲದ್ದು. 2000ದಲ್ಲಿ ದೇಶದಲ್ಲೆಲ್ಲ ಸೀಸ ಇಲ್ಲದ ಪೆಟ್ರೋಲ್ ಬಂತು. ಆ ಸೀಸ ವಾಲ್ವ್ ಸೀಟಿಗೆ ರಕ್ಷಣೆಯ ಹಾಗೆ ಇತ್ತು. ಹೆಡ್ ಬಿಚ್ಚಿದಾಗ ಲೇತ್‌ನಲ್ಲಿ ಗಟ್ಟಿ ಸೀಟ್ ಕೂರಿಸಿಬಿಡಿ. ಬೇಸಿಗೆಯಲ್ಲಿ ನಡುದಾರಿಯಲ್ಲಿ ನಿಂತರೆ ಪೆಟ್ರೋಲ್ ಪಂಪಿನ ಮೇಲೆ ಒದ್ದೆ ಬಟ್ಟೆ ಸುತ್ತಿ ಹತ್ತು ನಿಮಿಷ ಬಿಡಿ. ಪೈಪಿನಲ್ಲಿ ಆವಿ ಕಟ್ಟಿಕೊಂಡಿರುತ್ತದೆ, ತಣ್ಣಗಾದರೆ ಹೊರಡುತ್ತದೆ.

ಪ್ರಶ್ನೆ (ಶಿಕ್ಷಕಿಯ ಮಗಳು):

ಅಂಕಲ್, ನಾನು ಬರೆಯುತ್ತಿದ್ದೇನೆ. ನಾನೂ ತಮ್ಮನೂ ಏನೇನು ಮಾಡಬಹುದು? ಏನು ಮುಟ್ಟಬಾರದು?

ಉತ್ತರ (ಮಿಸ್ತ್ರಿ):

ಜಾಣೆ ಮಗಳೇ, ನೀನು ಕೇಳಿದ್ದು ಬಹಳ ಒಳ್ಳೆಯದಾಯಿತು. ಮೊದಲ ಕೆಲಸ ನಿನ್ನದೇ. ಒಂದು ನೋಟ್‌ಬುಕ್, ಮೊಬೈಲ್ ಕ್ಯಾಮೆರಾ. ಏನು ಬಿಚ್ಚಿದರೂ ಮುಂಚೆ ಫೋಟೋ ತೆಗಿ. ಬೋಲ್ಟ್‌ಗಳನ್ನು ಸಣ್ಣ ಚೀಲದಲ್ಲಿ ಹಾಕಿ ಹೆಸರು ಬರಿ. ಆರು ತಿಂಗಳ ನಂತರ ಕಾರನ್ನು ಮತ್ತೆ ಜೋಡಿಸುವುದು ಆ ನೋಟ್‌ಬುಕ್ಕೇ. ಪ್ಲಗ್, ಕಾರ್ಬ್ಯುರೇಟರ್, ಸೀಟ್, ಬಾಗಿಲ ಒಳಗಿನ ಪ್ಯಾನೆಲ್, ಬಲ್ಬು, ಸಾಣೆ ಕಾಗದದಿಂದ ಉಜ್ಜುವುದು, ಇವೆಲ್ಲ ನೀವಿಬ್ಬರೂ ಮಾಡಬಹುದು. ಅಜ್ಜನನ್ನು ಸ್ಟೂಲ್ ಮೇಲೆ ಕೂರಿಸಿ ಕೇಳಿ ಕೇಳಿ ಮಾಡಿ.

ಬರೀ ಜಾಕ್ ಮೇಲೆ ನಿಂತ ಗಾಡಿಯ ಕೆಳಗೆ ಯಾರೂ ನುಗ್ಗಬಾರದು, ಅಪ್ಪನೂ ನುಗ್ಗಬಾರದು. ಸ್ಟ್ಯಾಂಡ್ ಇಟ್ಟು, ಗಾಡಿ ಅಲುಗಿಸಿ ನೋಡಿ ಆಮೇಲೆ. ಎರೆ ಮಣ್ಣಿನ ಮೇಲೆ ಜಾಕ್ ಇಟ್ಟರೆ ಮುಳುಗುತ್ತದೆ, ಅಡಿಗೆ ದಪ್ಪ ಹಲಗೆ ಬೇಕು. ಬ್ರೇಕ್ ಡ್ರಮ್ ಬಿಚ್ಚಿದಾಗ ಒಳಗಿನ ಪುಡಿಯನ್ನು ಬಾಯಿಯಿಂದ ಊದಬೇಡಿ, ಹಳೆ ಲೈನಿಂಗ್‌ನಲ್ಲಿ ಕಲ್ನಾರು ಇರಬಹುದು. ಮಾಸ್ಕ್ ಹಾಕಿ ಒದ್ದೆ ಬಟ್ಟೆಯಿಂದ ಒರೆಸಿ. ಬ್ರೇಕ್ ಜೋಡಿಸುವುದು ಮತ್ತು ಸ್ಪ್ರೇ ಪೇಂಟ್, ಇವೆರಡು ಮನೆಯಲ್ಲಿ ಬೇಡ. ಆ ಪೇಂಟಿನ ಹೊಗೆ ಎದೆಗೆ ಕೆಟ್ಟದ್ದು.

ಪ್ರಶ್ನೆ (ಶಿಕ್ಷಕಿ, ಭಾನುವಾರ ಸಂಜೆ):

ಸರ್, ಹೋಗಿ ಬಂದೆವು. ಅಡಿಯಲ್ಲಿ ಪರಸಿ ಕಲ್ಲೇ ಇದೆ! ಅಯಸ್ಕಾಂತ ಎಲ್ಲಾ ಕಡೆ ಕಚ್ಚಿತು. ಎಡಗಡೆ ಹಿಂದಿನ ಚಕ್ರದ ಹತ್ತಿರ ಮಾತ್ರ ಅಂಗೈಯಷ್ಟು ತುಕ್ಕು. ಟೈರ್ ನಾಲ್ಕೂ ಕೂತಿವೆ. ಸೀಟಿನಲ್ಲಿ ಇಲಿ ಗೂಡು. ಮಾವ ಡ್ರೈವರ್ ಸೀಟಿನಲ್ಲಿ ಕೂತು ಇಳಿಯಲೇ ಇಲ್ಲ. ಬ್ಯಾಟರಿ ತಂದು ಒಮ್ಮೆ ಸೆಲ್ಫ್ ಹೊಡೆದು ನೋಡಲಾ ಅಂತ ಯಜಮಾನರು ಕೇಳುತ್ತಿದ್ದಾರೆ.

ಉತ್ತರ (ಮಿಸ್ತ್ರಿ):

ಬೇಡ ಬೇಡ! ಏಳೆಂಟು ವರ್ಷ ನಿಂತ ಇಂಜಿನ್, ಒಳಗಿನ ಪಿಸ್ಟನ್ ರಿಂಗ್ ಅಂಟಿ ಹಿಡಿದುಕೊಂಡಿರಬಹುದು. ಇಲಿ ವೈರ್ ಕಡಿದಿದ್ದರೆ ಬ್ಯಾಟರಿ ಜೋಡಿಸಿದ ಕ್ಷಣ ಹೊಗೆ ಬರುತ್ತದೆ. ಮೂರು ಪ್ಲಗ್ ಬಿಚ್ಚಿ, ಪ್ರತಿ ತೂತಿಗೆ ಎರಡೆರಡು ಚಮಚ ಇಂಜಿನ್ ಆಯಿಲ್ ಬಿಟ್ಟು, ಮೇಲೆ ಬಟ್ಟೆ ಮುಚ್ಚಿ ಎರಡು ದಿನ ಬಿಡಿ. ಆಮೇಲೆ ಕ್ರ್ಯಾಂಕ್ ಪುಲ್ಲಿಯ ಬೋಲ್ಟಿಗೆ ಸ್ಪ್ಯಾನರ್ ಹಾಕಿ ಕೈಯಿಂದ ಮೆಲ್ಲಗೆ ತಿರುಗಿಸಿ, ಜೋರು ಮಾಡಬೇಡಿ. ತಿರುಗಿದರೆ ನನಗೆ ಫೋನ್ ಮಾಡಿ. ಟೋಯಿಂಗ್ ಗಾಡಿ ನಾನೇ ಕಳಿಸುತ್ತೇನೆ. ಆ ಸ್ಪ್ಯಾನರ್ ಮಾವನವರ ಕೈಗೇ ಕೊಡಿ, ಎಷ್ಟು ಬಲ ಹಾಕಬೇಕು ಅಂತ ಅವರ ಕೈಗೆ ಗೊತ್ತಿರುತ್ತದೆ. ಸೀಟ್ ಎತ್ತುವ ಮುಂಚೆ ಕೋಲಿನಿಂದ ತಟ್ಟಿ, ನಿಂತ ಗಾಡಿಯಲ್ಲಿ ಚೇಳು ಇರುತ್ತವೆ.