ಒಂದು ಸೆಲ್ ಮಾತ್ರ ಬೇಗ ತುಂಬುತ್ತಿದೆ, ಅದು ಹಾಳಾಗಿದೆಯಾ?

ಪ್ರಶ್ನೆ (ಶಿರಸಿ ಕಡೆಯಿಂದ):
ನಮಸ್ಕಾರ ಸರ್. ಮಳೆಗಾಲದಲ್ಲಿ ನಮ್ಮಲ್ಲಿ ಕರೆಂಟ್ ಹೋದರೆ ಎರಡು ದಿನ ಬರದೇ ಇರುವುದೂ ಉಂಟು. ಅದಕ್ಕೇ ಯುಪಿಎಸ್‌ಗೆ ಮನೆಯಲ್ಲೇ ಲಿಥಿಯಂ ಪ್ಯಾಕ್ ಕಟ್ಟಿದ್ದೇನೆ. 100 ಎಎಚ್‌ನ (ಆಂಪಿಯರ್-ಅವರ್, ಅಂದರೆ ಸೆಲ್‌ನ ಕೆಪಾಸಿಟಿ) ನಾಲ್ಕು ಎಲ್‌ಎಫ್‌ಪಿ (ಲಿಥಿಯಂ ಐರನ್ ಫಾಸ್ಫೇಟ್) ಸೆಲ್ ಸೀರೀಸ್‌ನಲ್ಲಿವೆ, ಜೊತೆಗೆ ಸೆಲ್‌ಗಳನ್ನು ಕಾಯುವ 100 ಆಂಪ್ಸ್ ಬಿಎಂಎಸ್ ಬೋರ್ಡ್. ಕಟ್ಟುವ ಮೊದಲು ಮಲ್ಟಿಮೀಟರ್ ಹಿಡಿದಾಗ ನಾಲ್ಕೂ 3.29 ವೋಲ್ಟ್ ತೋರಿಸಿದವು. ಈಗ ಚಾರ್ಜ್ ಹಾಕಿದರೆ ಮೂರನೇ ಸೆಲ್ 3.65 ಮುಟ್ಟುತ್ತದೆ. ಉಳಿದವು 3.37ರಲ್ಲೇ ಇರುತ್ತವೆ. ಅಷ್ಟರಲ್ಲಿ ಬಿಎಂಎಸ್ ಕಟ್ ಮಾಡುತ್ತದೆ. ಆ ಸೆಲ್ ಬದಲಿಸಬೇಕಾ?

ಉತ್ತರ (ಬ್ಯಾಟರಿ ಪ್ಯಾಕ್ ಕಟ್ಟುವ ತಂತ್ರಜ್ಞ):
ಈಗಲೇ ಬದಲಿಸಬೇಡಿ. ಬೇಗ ತುಂಬಿತು ಅನ್ನುವ ಕಾರಣಕ್ಕೆ ಒಳ್ಳೆಯ ಸೆಲ್ ಎಸೆದವರನ್ನು ಬಹಳ ನೋಡಿದ್ದೇನೆ.

ಮೊದಲು ಆ 3.29ರ ವಿಷಯ. ಎಲ್‌ಎಫ್‌ಪಿ ಸೆಲ್ ಶೇ 40 ತುಂಬಿದ್ದರೂ ಶೇ 60 ತುಂಬಿದ್ದರೂ ಮೀಟರ್‌ನಲ್ಲಿ ಹೆಚ್ಚುಕಡಿಮೆ ಒಂದೇ ಅಂಕಿ. ಒಲೆ ಮೇಲಿನ ಹಾಲಿನ ಹಾಗೆ ತುಂಬಾ ಹೊತ್ತು ಸುಮ್ಮನಿದ್ದು, ಕೊನೆಯಲ್ಲಿ ಒಮ್ಮೆಲೇ ಏರುತ್ತದೆ. ಆದ್ದರಿಂದ ನಾಲ್ಕೂ ಒಂದೇ ವೋಲ್ಟೇಜ್ ತೋರಿಸಿದವು ಅಂದಮಾತ್ರಕ್ಕೆ ನಾಲ್ಕೂ ಒಂದೇ ಮಟ್ಟಕ್ಕೆ ತುಂಬಿವೆ ಅಂತ ಅಲ್ಲ. ವ್ಯತ್ಯಾಸ ಗೊತ್ತಾಗುವುದು ಮೇಲಿನ ತುದಿಯಲ್ಲಿ, ಇಲ್ಲವೇ ತೀರಾ ಕೆಳಗೆ.

ನಿಮ್ಮ ತೊಂದರೆಗೆ ಮೂರು ಕಾರಣ ಇರಬಹುದು. ಒಂದು, ಬಸ್‌ಬಾರ್ (ಸೆಲ್‌ಗಳನ್ನು ಜೋಡಿಸುವ ಲೋಹದ ಪಟ್ಟಿ) ಸಡಿಲ ಅಥವಾ ಟರ್ಮಿನಲ್ ಮೇಲೆ ಕೊಳೆ. ಚಾರ್ಜ್ ಆಗುತ್ತಿರುವಾಗಲೇ ಮೀಟರ್‌ನ ಮುಳ್ಳನ್ನು ಬಸ್‌ಬಾರ್ ಮೇಲಲ್ಲ, ಸೆಲ್‌ನ ಟರ್ಮಿನಲ್ ಮೇಲೇ ಇಟ್ಟು ಅಳೆಯಿರಿ. ಅದು ಬಿಎಂಎಸ್ ಆ್ಯಪ್‌ನಲ್ಲಿ ಕಾಣುವುದಕ್ಕಿಂತ ಕಡಿಮೆ ಇದ್ದರೆ ದೋಷ ಜೋಡಣೆಯದು. ಇನ್ನೊಂದು ಗುರುತೂ ಇದೆ. ಚಾರ್ಜರ್ ಆಫ್ ಮಾಡಿದ ಕ್ಷಣವೇ ವ್ಯತ್ಯಾಸ ಮಾಯವಾದರೆ ಅದು ಕಾಂಟ್ಯಾಕ್ಟ್ ತೊಂದರೆ. ನಿಮಿಷಗಟ್ಟಲೆ ನಿಧಾನವಾಗಿ ಇಳಿದರೆ ಸೆಲ್ ನಿಜವಾಗಿಯೂ ತುಂಬಿದೆ ಅಂತ ಅರ್ಥ.

ಎರಡು, ಆ ಸೆಲ್‌ನ ಕೆಪಾಸಿಟಿಯೇ ಕಡಿಮೆ ಇರಬಹುದು. ಲೋಡ್ ಹಾಕಿ ಖಾಲಿ ಮಾಡಿ ನೋಡಿ. ಮೊದಲು ತುಂಬಿದ ಸೆಲ್ಲೇ ಮೊದಲು 2.5 ವೋಲ್ಟ್‌ಗೆ ಇಳಿದರೆ ಅದು ದುರ್ಬಲ. ಬೇರೆ ಸೆಲ್ ಮೊದಲು ಇಳಿದರೆ ಮೂರನೇ ಕಾರಣ: ಸೆಲ್‌ಗಳ ಮಟ್ಟ ಹೆಚ್ಚುಕಡಿಮೆ ಇದೆ, ಅಷ್ಟೇ.

ಪ್ರಶ್ನೆ ಕೇಳಿದವರು:
ಸರ್, ಬಸ್‌ಬಾರ್ ಬಿಚ್ಚಿ, ಒರೆಸಿ, ಬಿಗಿ ಮಾಡಿದೆ. ಏನೂ ಬದಲಾಗಲಿಲ್ಲ. ಖಾಲಿ ಮಾಡಿದಾಗ ಒಂದನೇ ಸೆಲ್ ಮೊದಲು ಇಳಿಯಿತು. ಬಿಎಂಎಸ್‌ನಲ್ಲೇ ಬ್ಯಾಲೆನ್ಸಿಂಗ್ (ಸೆಲ್‌ಗಳ ಮಟ್ಟ ಸಮ ಮಾಡುವುದು) ಇದೆಯಲ್ಲ, ಹಾಗೇ ಬಿಟ್ಟರೆ ಸರಿಹೋಗುವುದಿಲ್ಲವಾ? ನನ್ನ ಹತ್ತಿರ 30 ವೋಲ್ಟ್, 10 ಆಂಪ್ಸ್ ಡಿಸಿ ಪವರ್ ಸಪ್ಲೈ ಇದೆ.

ಉತ್ತರ:
ಹಾಗಾದರೆ ನಿಮ್ಮ ಸೆಲ್ ಚೆನ್ನಾಗಿದೆ. ಬಿಎಂಎಸ್ ಮೇಲೆ ಬಿಡುವ ಮೊದಲು ಲೆಕ್ಕ ನೋಡಿ. ಸಾಮಾನ್ಯ ಬಿಎಂಎಸ್ ತುಂಬಿದ ಸೆಲ್‌ನಿಂದ 30ರಿಂದ 100 ಮಿಲಿಆಂಪ್ಸ್ ಮಾತ್ರ ಇಳಿಸುತ್ತದೆ. 100 ಎಎಚ್ ಸೆಲ್‌ನಲ್ಲಿ ಶೇ 5 ವ್ಯತ್ಯಾಸ ಅಂದರೆ 5 ಎಎಚ್. 50 ಮಿಲಿಆಂಪ್ಸ್‌ನಲ್ಲಿ ಅದಕ್ಕೆ 100 ಗಂಟೆ ಬೇಕು. ಅದೂ ಸೆಲ್ ತುದಿಯಲ್ಲಿರುವಾಗ ಮಾತ್ರ ನಡೆಯುವ ಕೆಲಸ. ಒಮ್ಮೆ ಸಮ ಮಾಡಿದ್ದನ್ನು ಹಾಗೇ ಉಳಿಸಿಕೊಳ್ಳಲು ಅದು ಸಾಕು. ಮೊದಲ ಸಲ ಸಮ ಮಾಡುವುದನ್ನು ನೀವೇ ಮಾಡಬೇಕು. ಅಂದರೆ ನಾಲ್ಕೂ ಸೆಲ್‌ಗಳನ್ನು ಪ್ಯಾರಲಲ್ ಆಗಿ ಜೋಡಿಸಿ ಒಟ್ಟಿಗೇ ತುದಿವರೆಗೆ ತುಂಬಿಸುವುದು. ಅದಕ್ಕೂ ಮೊದಲು ಒಂದು ಕೆಲಸ ಇದೆ.

ಸೀರೀಸ್‌ನಲ್ಲಿ ಇರುವಾಗಲೇ, ಬಿಎಂಎಸ್ ಮೂಲಕ, ಅದು ಕಟ್ ಮಾಡುವವರೆಗೆ ಚಾರ್ಜ್ ಮಾಡಿ. ನೇರವಾಗಿ ಪ್ಯಾರಲಲ್ ಮಾಡಿದರೆ ಖಾಲಿ ಸೆಲ್‌ಗಳು ಒಟ್ಟು 400 ಎಎಚ್ ಕೇಳುತ್ತವೆ, 10 ಆಂಪ್ಸ್‌ನಲ್ಲಿ 40 ಗಂಟೆ. ಸೀರೀಸ್‌ನಲ್ಲಿ ಹೆಚ್ಚೆಂದರೆ 10 ಗಂಟೆ. ಆಮೇಲೆ ಒಂದು ರಾತ್ರಿ ಬಿಡಿ. ಸೆಲ್‌ಗಳ ವೋಲ್ಟೇಜ್ ಅಂತರ 0.05ರ ಒಳಗೆ ಬಂದ ಮೇಲೆ ಬಿಎಂಎಸ್ ಪೂರ್ತಿ ಬಿಚ್ಚಿ, ಪ್ಲಸ್‌ಗೆ ಪ್ಲಸ್, ಮೈನಸ್‌ಗೆ ಮೈನಸ್ ಜೋಡಿಸಿ. ಸೀರೀಸ್‌ನಲ್ಲಿ ಸೆಲ್‌ಗಳು ಒಂದು ಬಿಟ್ಟು ಒಂದು ತಿರುಗಿ ಕೂತಿರುತ್ತವೆ. ಅವುಗಳನ್ನು ತಿರುಗಿಸದೇ ಬಸ್‌ಬಾರ್ ಇಟ್ಟರೆ ನೇರ ಶಾರ್ಟ್. ಉಂಗುರ, ವಾಚ್ ತೆಗೆದಿಡಿ. ಸ್ಪ್ಯಾನರ್ ಹಿಡಿಕೆಗೆ ಇನ್ಸುಲೇಷನ್ ಟೇಪ್ ಸುತ್ತಿ.

ಪವರ್ ಸಪ್ಲೈಯನ್ನು ಸೆಲ್‌ಗೆ ಜೋಡಿಸುವ ಮೊದಲೇ 3.60 ವೋಲ್ಟ್‌ಗೆ ಇಡಿ, ಮಲ್ಟಿಮೀಟರ್‌ನಲ್ಲಿ ಖಚಿತ ಮಾಡಿಕೊಳ್ಳಿ. ಆಮೇಲೆ ವೋಲ್ಟೇಜ್ ಗುಂಡಿ ಮುಟ್ಟಲೇಬೇಡಿ. ಸೆಲ್ ಕೆಡುವುದು ಇಲ್ಲೇ. ಸಪ್ಲೈ 3.60 ತೋರಿಸುತ್ತದೆ, ಸೆಲ್ ಮೇಲೆ 3.38 ಇರುತ್ತದೆ, ಕರೆಂಟ್ ಬರೀ 4 ಆಂಪ್ಸ್ ಹೋಗುತ್ತಿರುತ್ತದೆ. ಬೇಗ ಆಗಲಿ ಅಂತ 5 ವೋಲ್ಟ್‌ಗೆ ಏರಿಸಿ ಮಲಗುತ್ತಾರೆ. ಬೆಳಿಗ್ಗೆ ನಾಲ್ಕೂ ಸೆಲ್ ಉಬ್ಬಿರುತ್ತವೆ. 3.60ಕ್ಕೂ 3.38ಕ್ಕೂ ನಡುವಿನ ಆ ನಷ್ಟ ಸಪ್ಲೈ ಜೊತೆ ಬರುವ ಸಣ್ಣ ವೈರ್‌ನಲ್ಲಿ ಆಗುವುದು. ದಪ್ಪ, ಗಿಡ್ಡ ವೈರ್ ಹಾಕಿ, ಕರೆಂಟ್ ತಾನಾಗಿ ಏರುತ್ತದೆ. ಸೆಲ್ ಮೇಲೆ 3.60 ಬಂದು, ಕರೆಂಟ್ ಎರಡು ಆಂಪ್ಸ್‌ಗಿಂತ ಕೆಳಗೆ ಇಳಿದಾಗ ತೆಗೆಯಿರಿ. ಪಕ್ಕದಲ್ಲೇ ಇರಿ, ದಯವಿಟ್ಟು ರಾತ್ರಿ ಬಿಟ್ಟು ಮಲಗಬೇಡಿ.

ಇನ್ನೊಬ್ಬರು:
ಆಕ್ಟಿವ್ ಬ್ಯಾಲೆನ್ಸರ್ (ಒಂದು ಸೆಲ್‌ನ ಚಾರ್ಜನ್ನು ಇನ್ನೊಂದಕ್ಕೆ ಸಾಗಿಸುವ ಬೋರ್ಡ್) ಹಾಕಿದರೆ ಇಷ್ಟೆಲ್ಲ ಬೇಡ ಅಲ್ವಾ ಸರ್? ಹಳೇ ಲ್ಯಾಪ್‌ಟಾಪ್‌ನ 18650 ಸೆಲ್‌ಗೂ ಇದೇ ಲೆಕ್ಕವಾ?

ಉತ್ತರ:
ಆಕ್ಟಿವ್ ಬ್ಯಾಲೆನ್ಸರ್ ಕೆಲಸ ಮಾಡುತ್ತದೆ, ಆದರೆ 3.4 ವೋಲ್ಟ್ ದಾಟಿದ ಮೇಲೆ ಮಾತ್ರ ಆನ್ ಆಗುವಂಥದ್ದು ಬೇಕು. ಸದಾ ಆನ್ ಇರುವ ಅಗ್ಗದ ಬೋರ್ಡ್, ನಡುವಿನ ಸಪಾಟು ಜಾಗದಲ್ಲಿ ಆ ಚೂರುಪಾರು ವ್ಯತ್ಯಾಸ ನೋಡಿ ಸರಿ ಇದ್ದದ್ದನ್ನೂ ಏರುಪೇರು ಮಾಡುತ್ತದೆ. ಲ್ಯಾಪ್‌ಟಾಪ್ ಸೆಲ್ ಬೇರೆ ಜಾತಿ. ಸಾಮಾನ್ಯವಾಗಿ 4.2 ವೋಲ್ಟ್ ವರೆಗೆ ಹೋಗುತ್ತವೆ. ಎಲ್‌ಎಫ್‌ಪಿ ಜೊತೆ ಎಂದೂ ಬೆರೆಸಬೇಡಿ. 2 ವೋಲ್ಟ್‌ಗಿಂತ ಕೆಳಗೆ ಇಳಿದು ಬಹಳ ಕಾಲ ಬಿದ್ದಿದ್ದ ಸೆಲ್‌ಗೆ ಮತ್ತೆ ಚಾರ್ಜ್ ಹಾಕಬೇಡಿ. ಒಳಗಿನ ತಾಮ್ರ ಕರಗಿ, ಆಮೇಲೆ ಒಳಗೇ ಶಾರ್ಟ್ ಆಗಬಹುದು.

ಪ್ರಶ್ನೆ ಕೇಳಿದವರು:
ಬ್ಯಾಲೆನ್ಸ್ ಆಯಿತು ಸರ್. ಈಗ ಕೊನೆಗೆ ನಾಲ್ಕೂ 0.02 ವೋಲ್ಟ್ ಅಂತರದಲ್ಲೇ ಏರುತ್ತಿವೆ. ಹಳೇ ಯುಪಿಎಸ್‌ಗೇ ಹಾಕಬಹುದಾ?

ಉತ್ತರ:
ತುಂಬಾ ಸಂತೋಷ. ಹಾಕಬಹುದು, ಆದರೆ ಯುಪಿಎಸ್ ಚಾರ್ಜ್ ಮಾಡುವಾಗ ಬ್ಯಾಟರಿಗೆ ಎಷ್ಟು ವೋಲ್ಟ್ ಕೊಡುತ್ತದೆ ಅಂತ ಮೊದಲು ಅಳೆಯಿರಿ. 14.2ರಿಂದ 14.4 ಸರಿ, 14.6 ದಾಟಬಾರದು. ಟ್ಯೂಬ್ಯುಲರ್ (ನೀರು ಹಾಕುವ ಸೀಸದ ಬ್ಯಾಟರಿಯ) ಮೋಡ್‌ನಲ್ಲಿ ಜಾಸ್ತಿ ಹೋಗುತ್ತಿದ್ದರೆ ಎಸ್‌ಎಂಎಫ್ (ನೀರು ಹಾಕಬೇಕಿಲ್ಲದ ಬ್ಯಾಟರಿಯ) ಅಥವಾ ಜೆಲ್ ಮೋಡ್ ಹಾಕಿ ಮತ್ತೆ ಅಳೆಯಿರಿ. ಈಕ್ವಲೈಸೇಷನ್ (ಆಗಾಗ ಹೆಚ್ಚು ವೋಲ್ಟೇಜ್‌ನಲ್ಲಿ ಚಾರ್ಜ್ ಮಾಡುವುದು) ಇದ್ದರೆ ಅದನ್ನು ಬಂದ್ ಮಾಡಿ, ಅದು ಸೀಸದ ಬ್ಯಾಟರಿಗೆ ಮಾತ್ರ. ಫ್ಲೋಟ್ (ತುಂಬಿದ ಮೇಲೆ ಹಿಡಿದಿಡುವ ವೋಲ್ಟೇಜ್) 13.5ರ ಹತ್ತಿರ ಇರಲಿ. ಪ್ಯಾಕ್‌ನ ಪ್ಲಸ್ ಪಕ್ಕದಲ್ಲೇ ಡಿಸಿ ಫ್ಯೂಸ್ ಹಾಕಿ. ಬಿಎಂಎಸ್ ಇದೆ ಅಂತ ಫ್ಯೂಸ್ ಬಿಡಬೇಡಿ, ಅದರೊಳಗೆ ಕರೆಂಟ್ ಕಟ್ ಮಾಡುವ ಸ್ವಿಚ್ ಆದ ಮಾಸ್‌ಫೆಟ್ ಸುಟ್ಟರೆ ಎಷ್ಟೋ ಸಲ ಆನ್ ಆಗಿಯೇ ಉಳಿಯುತ್ತದೆ. ಒಂದು ತಿಂಗಳ ನಂತರ ನಟ್‌ಗಳನ್ನು ಮತ್ತೊಮ್ಮೆ ಬಿಗಿ ನೋಡಿ.